ಆರೋಗ್ಯ ಮಾಹಿತಿ: ಜ್ವರದ ಜೊತೆ ಕಣ್ಣು ಮಂಜಾದರೆ ತಡ ಮಾಡಬೇಡಿ



ಊರಿನಿಂದ ಬಂದ ಅಮ್ಮನಿಗೆ ಉರಿಮೂತ್ರ, ಚಳಿಜ್ವರ. ಮೊದಲೇ ಸಕ್ಕರೆ ಕಾಯಿಲೆ. ಮಾತ್ರೆ ನಡೆಯುತ್ತಿರುವಾಗಲೇ ಒಂದು ಕಣ್ಣು ಕೆಂಪಾಗಿ ನೋಟ ಮಂಜಾಯಿತು ಎಂದುಕೊಳ್ಳಿ. ‘ಮದ್ರಾಸ್ ಐ ಇರಬೇಕು’ ಎಂದು ಮೆಡಿಕಲ್ ಶಾಪ್‌ನಿಂದ ಡ್ರಾಪ್ಸ್ ತಂದು ಹಾಕಬೇಡಿ.

*ಏನಾಗುತ್ತದೆ?*
ಮೂತ್ರದ ಸೋಂಕು, ಲಿವರ್‌ನಲ್ಲಿ ಕೀವು, ನ್ಯುಮೋನಿಯಾ, ಹೃದಯದ ಕವಾಟದ ಸೋಂಕು, ಕಾಲಿನ ಹುಣ್ಣು ಇವುಗಳಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕಣ್ಣಿನ ಒಳಭಾಗವನ್ನು ತಲುಪಬಹುದು. ಡಾಕ್ಟರುಗಳು ಇದನ್ನು ‘ಎಂಡೋಜೀನಸ್ ಎಂಡಾಫ್ಥಲ್ಮೈಟಿಸ್’ ಎನ್ನುತ್ತಾರೆ. ಇದು ಅಪರೂಪ. ಆದರೆ ಬಂದರೆ ಒಂದೆರಡು ದಿನಗಳಲ್ಲೇ ದೃಷ್ಟಿ ಹೋಗಬಹುದು. ಎರಡೂ ಕಣ್ಣಿಗೆ ಬರುವುದೂ ಉಂಟು.

*ಯಾರಿಗೆ ಅಪಾಯ ಹೆಚ್ಚು?*
ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಆಸ್ಪತ್ರೆಯಲ್ಲಿ ಹಲವು ದಿನ ಡ್ರಿಪ್ ಹಾಕಿಸಿಕೊಂಡವರು.

*ಗುರುತಿಸುವುದು ಹೇಗೆ?*
✅ ಮದ್ರಾಸ್ ಐನಲ್ಲಿ ಕಣ್ಣು ಚುಚ್ಚುತ್ತದೆ, ನೀರು, ಪಿಸುರು ಬರುತ್ತದೆ. ಒರೆಸಿದರೆ ಸಾಮಾನ್ಯವಾಗಿ ನೋಟ ತಿಳಿಯಾಗುತ್ತದೆ.
⚠️ ಒಳಗಿನ ಸೋಂಕಿನಲ್ಲಿ ಎಷ್ಟು ಒರೆಸಿದರೂ ಮಂಜು ಹೋಗುವುದಿಲ್ಲ. ಕಣ್ಣಿನ ನೋವು, ಬೆಳಕು ನೋಡಲಾಗದಿರುವುದು, ಕಣ್ಣೆದುರು ಕಪ್ಪು ಚುಕ್ಕೆ ತೇಲುವುದು ಇರಬಹುದು. ಕೆಲವರಲ್ಲಿ ಕೆಂಪು ಕಡಿಮೆ, ಜ್ವರವೂ ಇರುವುದಿಲ್ಲ. ವಯಸ್ಸಾದವರಲ್ಲಿ ‘ಪೊರೆ ಬಂದಿರಬೇಕು’ ಎಂದು ಸುಮ್ಮನಾಗಬೇಡಿ. ಪೊರೆ ಎರಡು ದಿನದಲ್ಲಿ ಬರುವುದಿಲ್ಲ.

*ಚಿಕಿತ್ಸೆ*
ಡ್ರಾಪ್ಸ್ ಕಣ್ಣಿನ ಒಳಗಿನವರೆಗೆ ಸಾಕಷ್ಟು ಇಳಿಯುವುದಿಲ್ಲ. ಕಣ್ಣಿನೊಳಗೇ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುತ್ತಾರೆ. ಮೂಲ ಸೋಂಕಿಗೆ ರಕ್ತನಾಳದ ಮೂಲಕ ಔಷಧಿ ಬೇಕು. ಕೆಲವರಿಗೆ ಆಪರೇಷನ್ನೂ ಆಗಬೇಕಾಗುತ್ತದೆ. ಎಷ್ಟು ಬೇಗ ಶುರುವಾದರೆ ದೃಷ್ಟಿ ಉಳಿಯುವ ಅವಕಾಶ ಅಷ್ಟು ಹೆಚ್ಚು.

*ನೀವು ಮಾಡಬೇಕಾದ್ದು*
1. ಅದೇ ದಿನ ರೆಟಿನಾ ತಜ್ಞರಿರುವ ಕಣ್ಣಿನ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.
2. ಇತ್ತೀಚಿನ ಜ್ವರ, ಸೋಂಕು, ಸಕ್ಕರೆ ಪ್ರಮಾಣ ಎಲ್ಲವನ್ನೂ ಕಣ್ಣಿನ ಡಾಕ್ಟರಿಗೆ ಹೇಳಿ. ಊರಿನ ಆಸ್ಪತ್ರೆಯ ಚೀಟಿಗಳ ಫೋಟೋ ಮೊಬೈಲ್‌ನಲ್ಲಿ ಇರಲಿ.
3. ನಡೆಯುತ್ತಿರುವ ಆಂಟಿಬಯಾಟಿಕ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.
4. ಹಿರಿಯರಿಗೆ ಇಲ್ಲಿನ ಭಾಷೆ ಬರದಿದ್ದರೆ ಜೊತೆಗೆ ಒಬ್ಬರು ಹೋಗಿ. ‘ಮಂಜು’ ಎನ್ನಲು ಹಿಂದಿಯಲ್ಲಿ ‘ಧುಂಧ್ಲಾ’, ಮರಾಠಿಯಲ್ಲಿ ‘ಅಂಧುಕ್’, ತಮಿಳಿನಲ್ಲಿ ‘ಮಂಗಲ್’, ತೆಲುಗಿನಲ್ಲಿ ‘ಮಸಕ’ ಎಂದರೆ ಡಾಕ್ಟರಿಗೆ ತಿಳಿಯುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿರುವ ಎಲ್ಲರಿಗೂ ಇದನ್ನು ಕಳುಹಿಸಿ. 🙏