ಔಟ್‌ಬಾಕ್ಸ್‌ನಲ್ಲಿಯೇ ಉಳಿದ ದರಪಟ್ಟಿ: 25ನೆಯ ಪೋರ್ಟ್ ಮತ್ತು ಸಣ್ಣ ಉದ್ಯಮಿ

ನಮ್ಮ ಕಕ್ಷಿದಾರರೊಬ್ಬರು ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕದ ಮಾಲೀಕರು. ಮನೆಯ ಮುಂದಿನ ಕೊಠಡಿಯೇ ಅವರ ಕಚೇರಿ. ಗೃಹಬಳಕೆಗೆಂದು ಪಡೆದ ಬ್ರಾಡ್‌ಬ್ಯಾಂಡ್ ಸಂಪರ್ಕವೇ ವ್ಯವಹಾರಕ್ಕೂ ಆಧಾರ. ಒಂದು ಶನಿವಾರ ಸಂಜೆ, ಗಡುವು ಮುಗಿಯುವ ಮುನ್ನ, ಸಂಸ್ಥೆಯ ಇ-ಮೇಲ್ ವಿಳಾಸದಿಂದ ದರಪಟ್ಟಿಯನ್ನು ಕಳುಹಿಸಿ ನಿಶ್ಚಿಂತರಾದರು. ಸೋಮವಾರ ಖರೀದಿದಾರರನ್ನು ವಿಚಾರಿಸಿದಾಗ ಅದು ತಲುಪಿಯೇ ಇರಲಿಲ್ಲ; ಗಣಕಯಂತ್ರದ ಔಟ್‌ಬಾಕ್ಸ್‌ನಲ್ಲಿಯೇ ಕುಳಿತಿತ್ತು. ಒಳಬರುವ ಪತ್ರಗಳು ಎಂದಿನಂತೆ ಬರುತ್ತಿದ್ದುದರಿಂದ ಅವರಿಗೆ ಸಂಶಯವೇ ಮೂಡಿರಲಿಲ್ಲ. ಅವರು ಆ ತಿಂಗಳು ಬದಲಾಯಿಸಿಕೊಂಡಿದ್ದ ಅಂತರಜಾಲ ಸೇವಾದಾರರು ಗೃಹ ಗ್ರಾಹಕರಿಗೆ 25ನೆಯ ಪೋರ್ಟನ್ನು ಮುಚ್ಚಿದ್ದರು.

ಮುಚ್ಚುವುದೇಕೆ?

ಇ-ಮೇಲ್ ರವಾನೆಯ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಪ್ರಕಟಿಸಿದರು. ಒಂದು ಅಂಚೆ ಸರ್ವರ್ ಮತ್ತೊಂದಕ್ಕೆ ಪತ್ರ ಒಪ್ಪಿಸುವ ಬಾಗಿಲೇ 25ನೆಯ ಪೋರ್ಟ್. ಪತ್ರ ತಂದವರು ಯಾರೆಂದು ಪರಿಶೀಲಿಸುವ ವ್ಯವಸ್ಥೆ ಆ ನಿಯಮಾವಳಿಯಲ್ಲಿ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದು ಬೇರರ್ ಚೆಕ್ಕಿನಂತೆ. 2003ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಬ್ಬಿದ ಸೋಬಿಗ್-ಎಫ್ ಎಂಬ ಕುತಂತ್ರಾಂಶವು ಪತ್ರ ರವಾನಿಸುವ ಸಾಧನವನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಇಂತಹ ಕುತಂತ್ರಾಂಶಗಳಿಂದಾಗಿ ಮನೆಯ ಗಣಕಯಂತ್ರಗಳು ಮಾಲೀಕರಿಗೆ ಅರಿವಿಲ್ಲದೆಯೇ ಅನಪೇಕ್ಷಿತ ಪತ್ರಗಳ ಕಾರ್ಖಾನೆಗಳಾದವು. ಇದನ್ನು ತಡೆಯಲೆಂದು ಜಪಾನಿನ ಸೇವಾದಾರರು 2005ರ ಸುಮಾರಿಗೆ, ಬ್ರೆಜಿಲ್‌ನವರು 2012-13ರಲ್ಲಿ ಗೃಹ ಸಂಪರ್ಕಗಳಿಂದ ಹೊರಹೋಗುವ ಈ ಬಾಗಿಲನ್ನು ವ್ಯಾಪಕವಾಗಿ ಮುಚ್ಚಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತಲ್ಲ ಎಂದು ಪ್ರಾಮಾಣಿಕ ಗ್ರಾಹಕರಿಗೆ ಅನಿಸುವುದು ಸಹಜ. ಆದರೆ ನೆರೆಮನೆಯ ಸೋಂಕಿತ ಯಂತ್ರದಿಂದಾಗಿ ಸೇವಾದಾರರ ವಿಳಾಸ ಸಮೂಹವು ಕಪ್ಪುಪಟ್ಟಿಗೆ ಸೇರಿದರೆ, ಅದೇ ಸಮೂಹದಿಂದ ಹೊರಡುವ ನಮ್ಮ ಪತ್ರವೂ ತಿರಸ್ಕೃತವಾಗುತ್ತದೆ. ಆದ್ದರಿಂದ ಈ ನಿರ್ಬಂಧವನ್ನು ಲೆಕ್ಕಪತ್ರಗಳಲ್ಲಿ ನಾವು ಒಪ್ಪಿಕೊಂಡಿರುವ ಆಂತರಿಕ ನಿಯಂತ್ರಣದಂತೆ ಕಾಣುವುದು ಉಚಿತ.

ಪರ್ಯಾಯ ಬಾಗಿಲು

ಗ್ರಾಹಕನು ತನ್ನ ಪತ್ರವನ್ನು ಸರ್ವರ್‌ಗೆ ಒಪ್ಪಿಸಲು 587ನೆಯ ಪೋರ್ಟನ್ನು 1998ರಲ್ಲಿಯೇ ಪ್ರತ್ಯೇಕವಾಗಿ ಗೊತ್ತುಪಡಿಸಲಾಯಿತು. ಇಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ಕೇಳಲಾಗುತ್ತದೆ. ಅಧಿಕೃತ ಸಹಿಯಿದ್ದರೆ ಮಾತ್ರ ಚೆಕ್ ಪಾಸಾಗುವಂತೆ. ಆರಂಭದಿಂದಲೇ ಗೂಢಲಿಪೀಕರಣ ಇರುವ 465ನೆಯ ಪೋರ್ಟನ್ನು 2018ರ ಮಾನದಂಡವು ಶಿಫಾರಸು ಮಾಡಿದೆ. ನಮ್ಮ ಕಕ್ಷಿದಾರರ ತೊಂದರೆಯೂ ಇದೇ ಬದಲಾವಣೆಯಿಂದ ಹತ್ತು ನಿಮಿಷದಲ್ಲಿ ಪರಿಹಾರವಾಯಿತು. ಆದರೆ ಕೈತಪ್ಪಿದ ಆದೇಶ ಮರಳಿ ಬರಲಿಲ್ಲ.

ಕಾನೂನಿನ ದೃಷ್ಟಿ

‘ನಾನು ಶನಿವಾರವೇ ಕಳುಹಿಸಿದ್ದೆ’ ಎಂಬುದು ಅವರ ವಾದವಾಗಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೆಯ ಕಲಮಿನ ಪ್ರಕಾರ, ಉಭಯ ಪಕ್ಷಗಳ ನಡುವೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಕಳುಹಿಸುವವರ ನಿಯಂತ್ರಣದ ಹೊರಗಿನ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದಾಗ ಮಾತ್ರ ರವಾನೆಯಾದಂತೆ. ಭಾರತೀಯ ಕರಾರು ಕಾಯ್ದೆ, 1872ರ 4ನೆಯ ಕಲಮಿನಂತೆ, ಪ್ರಸ್ತಾಪವು ಎದುರು ಪಕ್ಷದವರ ಅರಿವಿಗೆ ಬಂದಾಗಲೇ ಅದರ ಸಂವಹನ ಪೂರ್ಣ. ಔಟ್‌ಬಾಕ್ಸ್‌ನಲ್ಲಿರುವ ದರಪಟ್ಟಿಯು ಮೇಜಿನ ಖಾನೆಯಲ್ಲಿಯೇ ಉಳಿದ ಲಕೋಟೆಗೆ ಸಮಾನ. ಗುಂಡಿ ಒತ್ತಿದ ಮಾತ್ರಕ್ಕೆ ರವಾನೆಯಾಗದು.

ಸದಸ್ಯ ಬಾಂಧವರು ಗಮನಿಸಬೇಕಾದ ಅಂಶಗಳು

1. ಇ-ಮೇಲ್ ತಂತ್ರಾಂಶದಲ್ಲಿ ಹೊರಹೋಗುವ ಪೋರ್ಟ್ 25 ಎಂದಿದ್ದರೆ, ತಮ್ಮ ಇ-ಮೇಲ್ ಸೇವಾದಾರರ ಸೂಚನೆಯಂತೆ 587 ಅಥವಾ 465ಕ್ಕೆ ಬದಲಾಯಿಸಬೇಕು.

2. ಬಿಲ್ಲುಗಳನ್ನು ತಾನಾಗಿಯೇ ಕಳುಹಿಸುವ ಲೆಕ್ಕಪತ್ರ ತಂತ್ರಾಂಶ ಹಾಗೂ ಸ್ಕ್ಯಾನರ್‌ಗಳಲ್ಲಿಯೂ ಇದೇ ಪರಿಶೀಲನೆ ಅಗತ್ಯ. ಅಲ್ಲಿ ವೈಫಲ್ಯವು ಕಣ್ಣಿಗೆ ಬೀಳುವುದು ತಡ.

3. ಕಚೇರಿಯಲ್ಲಿಯೇ ಅಂಚೆ ಸರ್ವರ್ ನಡೆಸುವವರು ಸ್ಥಿರ ವಿಳಾಸವುಳ್ಳ ವಾಣಿಜ್ಯ ಸಂಪರ್ಕ ಪಡೆಯಬೇಕು. 25ನೆಯ ಪೋರ್ಟ್ ತೆರೆದಿರುವುದೇ ಎಂದು ಮೊದಲೇ ಲಿಖಿತವಾಗಿ ಕೇಳಬೇಕು.

4. ಸ್ವಂತ ಡೊಮೇನ್ ಹೆಸರುಳ್ಳವರು ಅದರ ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳನ್ನು ಸರಿಪಡಿಸಿಕೊಳ್ಳಬೇಕು. ಜಿಮೇಲ್ ಖಾತೆಗಳಿಗೆ ಬರೆಯುವವರಿಗೆ ಇವುಗಳಲ್ಲಿ ಒಂದಾದರೂ ಇರಬೇಕೆಂಬ ನಿಯಮವನ್ನು ಗೂಗಲ್ 2024ರ ಫೆಬ್ರವರಿಯಿಂದ ಜಾರಿಗೆ ತಂದಿದೆ.

5. ಗಡುವುಳ್ಳ ಪತ್ರಗಳಿಗೆ ಸ್ವೀಕೃತಿಯನ್ನು ಕೇಳಿ ಪಡೆದು, ಕಡತದಲ್ಲಿ ಇರಿಸಬೇಕು.

ಸೇವಾದಾರರಿಗೂ ಒಂದು ಮಾತು. ನಿಯಂತ್ರಣ ವಿಧಿಸುವುದು ತಪ್ಪಲ್ಲ. ಅದನ್ನು ತಿಳಿಸದಿರುವುದು ತಪ್ಪು. ಅರ್ಜಿ ನಮೂನೆಯಲ್ಲಿ ಸರಳ ಭಾಷೆಯ ಒಂದು ಸಾಲು ಮುದ್ರಿಸಿದ್ದರೆ ಸಣ್ಣ ಉದ್ಯಮಿಯೊಬ್ಬರ ಆದೇಶ ಉಳಿಯುತ್ತಿತ್ತು. ಅಲ್ಲಿಯವರೆಗೆ, ಪ್ರತಿದಿನ ಸಂಜೆ ನಗದು ಪೆಟ್ಟಿಗೆಯನ್ನು ತಾಳೆ ನೋಡುವಂತೆ ಔಟ್‌ಬಾಕ್ಸನ್ನೂ ಒಮ್ಮೆ ನೋಡಿ ಅಂಗಡಿಯ ಬಾಗಿಲು ಹಾಕುವುದು ಲೇಸು.