ಹಾಡು ಮೂರು ನಿಮಿಷ, ಜಗಳ ವರ್ಷವಿಡೀ!

ಹಾಡಿನ ಸ್ಪರ್ಧೆ ಅಂದಮೇಲೆ ಚೆನ್ನಾಗಿ ಹಾಡಿದವರು ಗೆಲ್ಲಬೇಕು, ಮಿಕ್ಕವರು ಚಪ್ಪಾಳೆ ತಟ್ಟಿ ಮನೆಗೆ ಹೋಗಬೇಕು. ಇಷ್ಟೇ ತಾನೆ?

ಇಷ್ಟೇ ಅಂದುಕೊಂಡವರು ಮೇ ತಿಂಗಳ ಒಂದು ಶನಿವಾರ ರಾತ್ರಿ ಯೂರೋಪಿನ ಯಾವುದಾದರೂ ಮನೆಯೊಳಗೆ ಇಣುಕಿ ನೋಡಬೇಕು. ಟೆಲಿವಿಷನ್ ಮುಂದೆ ಮನೆಮಂದಿಯೆಲ್ಲ ಹಾಜರ್. ಜೊತೆಗೆ ಪಕ್ಕದ ಮನೆಯವರು. ಕೈಯಲ್ಲಿ ಕಾಗದ, ಪೆನ್ಸಿಲ್ಲು. ಒಂದೊಂದು ಹಾಡಿಗೂ ತಾವೇ ಅಂಕ ಹಾಕುವ ಸಂಭ್ರಮ. ಹಾಡೆಲ್ಲ ಮುಗಿದು ದೇಶದೇಶಗಳ ಅಂಕ ಬರೋಕೆ ಶುರುವಾಯಿತೋ, ಅಸಲು ಕಚೇರಿ ಅಲ್ಲಿಂದ. “ಅವರಿಗೆ ಹನ್ನೆರಡಾ? ಇದು ಹಾಡಿಗೆ ಕೊಟ್ಟಿದ್ದಲ್ಲ ಬಿಡು, ನೆರೆಹೊರೆಯ ಋಣ” ಅಂತ ಒಬ್ಬರು. “ನಿನಗೆ ಸಂಗೀತ ತಿಳಿಯೋಲ್ಲ, ಸುಮ್ಮನಿರು” ಅಂತ ಇನ್ನೊಬ್ಬರು.

ಇದೇ ಯೂರೋವಿಷನ್ ಹಾಡಿನ ಸ್ಪರ್ಧೆ. ಹುಟ್ಟಿದ್ದು 1956ರಲ್ಲಿ. ಕೊರೋನಾ ಕಾಟಕ್ಕೆ 2020ರಲ್ಲಿ ಒಮ್ಮೆ ನಿಂತದ್ದು ಬಿಟ್ಟರೆ ವರ್ಷ ತಪ್ಪಿಲ್ಲ. ನಮ್ಮ ಆಕಾಶವಾಣಿ, ದೂರದರ್ಶನದ ಹಾಗೆ ಅಲ್ಲಿನ ಒಂದೊಂದು ದೇಶಕ್ಕೂ ಒಂದೊಂದು ಪ್ರಸಾರ ಸಂಸ್ಥೆ. ಅವೆಲ್ಲದರ ಒಕ್ಕೂಟ ಜಿನೀವಾದಲ್ಲಿದೆ. ಸ್ಪರ್ಧೆಯ ಯಜಮಾನಿಕೆ ಅದರದೇ. ದೇಶಕ್ಕೊಂದು ಹಾಡು. ಮೂರು ನಿಮಿಷ ಮೀರುವಂತಿಲ್ಲ. ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚಿರುವಂತಿಲ್ಲ. 2025ರಲ್ಲಿ ನೋಡಿದವರು 16 ಕೋಟಿಗೂ ಹೆಚ್ಚು ಎಂದು ಒಕ್ಕೂಟ ಹೇಳುತ್ತದೆ.

ಹಾಡು ಮೂರು ನಿಮಿಷವಾದರೂ ಅದರ ಮೇಲಿನ ತಕರಾರು ಎಪ್ಪತ್ತು ವರ್ಷ ಹಳೆಯದು. ತಕರಾರೆಲ್ಲ ಒಂದೇ ಪ್ರಶ್ನೆಯ ಸುತ್ತ: ಗೆದ್ದವರು ಯಾರು ಅಂತ ಹೇಳುವ ಹಕ್ಕು ಯಾರದು? ಬಲ್ಲವರದೋ, ಜನರದೋ?

ಮುಚ್ಚಿಟ್ಟ ಚೀಟಿ

ಮೊದಲ ವರ್ಷದ ಕಥೆಯನ್ನೇ ನೋಡಿ. ಸ್ವಿಜರ್ಲೆಂಡಿನ ಲುಗಾನೋ ಊರು, 1956ರ ಮೇ 24. ಏಳು ದೇಶ, ದೇಶಕ್ಕೆ ಎರಡರಂತೆ ಹದಿನಾಲ್ಕು ಹಾಡು. ದೇಶಕ್ಕಿಬ್ಬರು ತೀರ್ಪುಗಾರರು. ತಮ್ಮ ದೇಶಕ್ಕೇ ಓಟು ಹಾಕಿಕೊಂಡರೂ ಕೇಳುವವರಿಲ್ಲ. ಲಕ್ಸೆಂಬರ್ಗಿನ ತೀರ್ಪುಗಾರರು ಬರಲಿಲ್ಲವಾಗಿ ಅವರ ಓಟನ್ನೂ ಸ್ವಿಸ್ ತೀರ್ಪುಗಾರರೇ ಹಾಕಿದರು. ಗೆದ್ದದ್ದು ಯಾರು? ಸ್ವಿಜರ್ಲೆಂಡಿನ ಗಾಯಕಿ ಲಿಸ್ ಆಸಿಯಾ!

ಆಕೆ ಚೆನ್ನಾಗಿ ಹಾಡಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಯಾರಿಗೆ ಎಷ್ಟು ಓಟು ಬಿತ್ತು ಎಂಬುದನ್ನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಗೆದ್ದವರೊಬ್ಬರ ಹೆಸರು ಬಿಟ್ಟರೆ ಉಳಿದದ್ದೆಲ್ಲ ಗುಪ್ತ.

ಮರುವರ್ಷದಿಂದ ಅಂಕಗಳನ್ನು ಎಲ್ಲರೆದುರಿಗೇ ಎಣಿಸುವ ಪದ್ಧತಿ ಬಂತು. ಹಾಗಂತ ಗಲಾಟೆ ತಪ್ಪಿತೇ? 1963ರಲ್ಲಿ ಲಂಡನ್ನಿನಲ್ಲಿ ಸ್ಪರ್ಧೆ. ನಾರ್ವೆಯವರು ಫೋನಿನಲ್ಲಿ ಅಂಕ ಹೇಳೋಕೆ ಹೊರಟು, ಕ್ರಮ ತಪ್ಪಿ, “ಆಮೇಲೆ ಬನ್ನಿ” ಅಂದರು. ಕೊನೆಯಲ್ಲಿ ಮತ್ತೆ ಕೇಳಿದಾಗ ಹೇಳಿದ ಅಂಕಗಳೇ ಬೇರೆ! ಮೊದಲಿನ ಲೆಕ್ಕ ನಿಂತಿದ್ದರೆ ಗೆಲ್ಲಬೇಕಾಗಿದ್ದದ್ದು ಸ್ವಿಜರ್ಲೆಂಡ್. ಹೊಸ ಲೆಕ್ಕದಲ್ಲಿ ಗೆದ್ದದ್ದು ನಾರ್ವೆಯ ನೆರೆಯ ಡೆನ್ಮಾರ್ಕ್, 42ಕ್ಕೆ 40ರ ಅಂತರದಲ್ಲಿ. ನೆರೆಹೊರೆಯ ಋಣ ಎಂಬ ಮಾತು ಅಂದಿನಿಂದ ಇಂದಿನವರೆಗೆ ಸತ್ತಿಲ್ಲ.

1968ರಲ್ಲಿ ಬ್ರಿಟನ್ನಿನ ಪರ ಹಾಡಿದ ಕ್ಲಿಫ್ ರಿಚರ್ಡ್ ಹುಟ್ಟಿದ್ದು ನಮ್ಮ ಲಕ್ನೋದಲ್ಲಿ. ಆತ ಸ್ಪೇನಿನ ಮಾಸಿಯೆಲ್ ಎದುರು ಸೋತದ್ದು ಒಂದೇ ಒಂದು ಅಂಕದಿಂದ. ಮರುವರ್ಷ ಇನ್ನೂ ತಮಾಷೆ. ಮ್ಯಾಡ್ರಿಡ್ಡಿನಲ್ಲಿ ಸ್ಪೇನ್, ಬ್ರಿಟನ್, ಫ್ರಾನ್ಸ್, ಹಾಲೆಂಡ್ ನಾಲ್ಕಕ್ಕೂ 18 ಅಂಕ. ಸಮ ಬಂದರೆ ಏನು ಮಾಡಬೇಕು ಅನ್ನೋ ನಿಯಮವೇ ಇರಲಿಲ್ಲ. ನಾಲ್ವರೂ ಗೆದ್ದರು ಅಂತ ಸಾರಿ ಕೈತೊಳೆದುಕೊಂಡರು. ಇದೆಂಥಾ ನ್ಯಾಯ ಅಂತ ಮುನಿಸಿಕೊಂಡ ಹಲವು ದೇಶಗಳು 1970ರಲ್ಲಿ ಬರಲೇ ಇಲ್ಲ. ಆ ವರ್ಷ ಹಾಡಿದ್ದು ಹನ್ನೆರಡೇ ದೇಶ. ಒಬ್ಬೊಬ್ಬ ದೇಶದ ತೀರ್ಪುಗಾರರು 12, 10, ಆಮೇಲೆ 8ರಿಂದ 1ರವರೆಗೆ ಅಂಕ ಕೊಡುವ ಕ್ರಮ ಬಂದದ್ದು 1975ರಲ್ಲಿ. ಸಮ ಬರುವ ಸಂಕಟ ಅಲ್ಲಿಗೆ ಬಹುಮಟ್ಟಿಗೆ ತೀರಿತು.

ಪಕ್ಕದ ಮನೆಯ ಪ್ರೀತಿ

ತೀರ್ಪುಗಾರರೆಂಬ ಪಂಚರ ಕೈಯಿಂದ ಅಧಿಕಾರ ಜನರ ಕೈಗೆ ಬಂದದ್ದು 1997ರ ಆಚೆಗೆ. ಆ ವರ್ಷ ಐದು ದೇಶಗಳಲ್ಲಿ ಟೆಲಿಫೋನ್ ಓಟಿನ ಪ್ರಯೋಗವಾಯಿತು. ಮರುವರ್ಷ ಹೆಚ್ಚುಕಮ್ಮಿ ಎಲ್ಲ ಕಡೆ ಹಬ್ಬಿತು. ತನ್ನ ದೇಶಕ್ಕೆ ತಾನು ಓಟು ಹಾಕುವಂತಿಲ್ಲ ಎಂಬ ನಿಯಮವೇನೋ ಇದೆ. ಆದರೆ ಹೊಟ್ಟೆಪಾಡಿಗೆ ಪರದೇಶಕ್ಕೆ ಹೋದವನಿಗೆ? ಜರ್ಮನಿಯಲ್ಲಿ ನೆಲೆಸಿದ ತುರ್ಕಿಯವನು ಜರ್ಮನಿಯ ಫೋನಿನಿಂದ ತುರ್ಕಿಗೆ ಧಾರಾಳವಾಗಿ ಓಟು ಹಾಕಬಹುದು. ಹಾಕಿದ. ಜರ್ಮನಿಯ ಅಂಕ ತುರ್ಕಿಗೆ ಮತ್ತೆ ಮತ್ತೆ ಹರಿಯಿತು. ಗ್ರೀಸಿಗೂ ಸೈಪ್ರಸ್ಸಿಗೂ ಇರುವ ಕೊಡು-ಕೊಳ್ಳುವ ವ್ಯವಹಾರ ಎಷ್ಟು ಪ್ರಸಿದ್ಧವೆಂದರೆ, ಹನ್ನೆರಡು ಯಾರಿಗೆ ಅಂತ ಹೇಳುವ ಮೊದಲೇ ಸಭಾಂಗಣದಲ್ಲಿ ನಗು, ಕೂಗು.

ಆಪಾದನೆ ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. 2007ರಲ್ಲಿ ಹೆಲ್ಸಿಂಕಿಯಲ್ಲಿ ಸೆರ್ಬಿಯಾ ಗೆದ್ದಿತು. ಹಳೆಯ ಯುಗೋಸ್ಲಾವಿಯಾದಿಂದ ಒಡೆದುಹೋದ ಇತರ ಐದೂ ದೇಶ ಅದಕ್ಕೆ ಹನ್ನೆರಡು ಕೊಟ್ಟವು. “ನೋಡಿದಿರಾ, ಗುಂಪುಗಾರಿಕೆ!” ಅಂತ ಪಶ್ಚಿಮದವರು ಬೊಬ್ಬೆಯಿಟ್ಟರು. ಆದರೆ ಆ ಐದರಲ್ಲಿ ಕ್ರೊವೇಷಿಯಾ ಇತ್ತು, ಬೋಸ್ನಿಯಾ ಇತ್ತು. ಹದಿನೈದು ವರ್ಷದ ಹಿಂದೆ ಸೆರ್ಬರ ಜೊತೆ ಹೊಡೆದಾಡಿ ಸಾವಿರಾರು ಜನರನ್ನು ಕಳೆದುಕೊಂಡ ನಾಡುಗಳು ಅವು. ದ್ವೇಷ ಆರದ ಊರಿನವರು ಫೋನೆತ್ತಿ ಸೆರ್ಬಿಯಾದ ಹುಡುಗಿಯ ಹಾಡಿಗೆ ಓಟು ಹಾಕಿದರೆಂದರೆ, ಅದು ಬರೀ ಗುಂಪುಗಾರಿಕೆಯೇ? ಭಾಷೆ ಹತ್ತಿರದ್ದು, ರಾಗ ಪರಿಚಯದ್ದು, ಗಾಯಕರು ಎಲ್ಲ ಕಡೆ ಗೊತ್ತಿದ್ದವರು. ಕಿವಿಗೆ ಗಡಿ ಇಲ್ಲ. ಅಷ್ಟಕ್ಕೂ ಹಳೆಯ ಯುಗೋಸ್ಲಾವಿಯಾಕ್ಕೆ ಸೇರದ ಫಿನ್ಲೆಂಡ್, ಹಂಗೇರಿಗಳೂ ಹನ್ನೆರಡೇ ಕೊಟ್ಟಿದ್ದವು.

ಬ್ರಿಟನ್ನಿನದು ಬೇರೆ ಗೋಳು. 2003ರಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ. ಇರಾಕ್ ಯುದ್ಧಕ್ಕೆ ಯೂರೋಪು ಕೊಟ್ಟ ಪೆಟ್ಟು ಇದು ಅಂತ ಕೆಲವರು. ಶ್ರುತಿ ತಪ್ಪಿ ಹಾಡಿದರೆ ಅಂಕ ಎಲ್ಲಿಂದ ಬರುತ್ತೆ ಅಂತ ಕಿವಿ ಇದ್ದವರು. 1980ರಿಂದ ಪ್ರತಿ ವರ್ಷ ಬಿ.ಬಿ.ಸಿ.ಗೆ ವೀಕ್ಷಕ ವಿವರಣೆ ಕೊಡುತ್ತಿದ್ದ ಟೆರಿ ವೋಗನ್, ಈ ಓಟಿನ ರಾಜಕೀಯದಿಂದ ಬೇಸತ್ತು 2008ರ ಸ್ಪರ್ಧೆಯ ನಂತರ ಮೈಕು ಕೆಳಗಿಟ್ಟರು. 2012ರಲ್ಲಿ ಬ್ರಿಟನ್ ಹೂಡಿದ ಬಾಣ 76ರ ಹರೆಯದ ಎಂಗಲ್‌ಬರ್ಟ್ ಹಂಪರ್‌ಡಿಂಕ್. ಈತ ಹುಟ್ಟಿದ್ದು ಮದರಾಸಿನಲ್ಲಿ. ಬಾಕು ನಗರದಲ್ಲಿ ಹಾಡಿ 26ರಲ್ಲಿ 25ನೆಯವನಾಗಿ ಬಂದ. ಲಕ್ನೋಕ್ಕೆ ಒಂದಂಕ ತಪ್ಪಿತ್ತು, ಮದರಾಸಿಗೆ ಸಿಕ್ಕಿದ್ದೇ ಹನ್ನೆರಡು ಅಂಕ!

ಓಟು ಹಾಕಿದ್ದಕ್ಕೆ ವಿಚಾರಣೆ

ಇಲ್ಲಿಯವರೆಗೂ ನಗೆಯ ಮಾತು. ಆದರೆ ಈ ಆಟದಲ್ಲಿ ನಗು ನಿಂತುಹೋದ ಸಂದರ್ಭಗಳೂ ಇವೆ.

1974ರಲ್ಲಿ ಬ್ರೈಟನ್ನಿನಲ್ಲಿ ಸ್ವೀಡನ್ನಿನ ಆಬಾ ತಂಡ ಗೆದ್ದು ಜಗತ್ಪ್ರಸಿದ್ಧವಾಯಿತು. ಅದೇ ವರ್ಷ ಕೊನೆಯ ಸ್ಥಾನದಲ್ಲಿ ಬಿದ್ದ ಹಾಡುಗಳಲ್ಲಿ ಪೋರ್ಚುಗಲ್ಲಿನದೂ ಒಂದು. ಸಿಕ್ಕಿದ್ದು ಮೂರು ಅಂಕ. ಎರಡೂವರೆ ವಾರ ಕಳೆದು ಏಪ್ರಿಲ್ 24ರ ರಾತ್ರಿ ಆ ಸೋತ ಹಾಡು ಲಿಸ್ಬನ್ನಿನ ರೇಡಿಯೋದಲ್ಲಿ ಕೇಳಿಬಂತು. ದಂಗೆ ಎದ್ದ ಸೈನಿಕರಿಗೆ ‘ಸಿದ್ಧರಾಗಿ’ ಎಂಬ ಮೊದಲ ಗುಪ್ತ ಸಂಕೇತ ಅದು. ಮರುದಿನ ದಶಕಗಳ ಸರ್ವಾಧಿಕಾರ ಮಗುಚಿಬಿತ್ತು. ಸ್ಪರ್ಧೆ ಗೆಲ್ಲದ ಹಾಡು ಸರ್ಕಾರ ಉರುಳಿಸಿತು!

1978ರಲ್ಲಿ ಇಸ್ರೇಲ್ ಹಾಡುವಾಗ ಜೋರ್ಡಾನಿನ ಟೆಲಿವಿಷನ್ ಹೂವಿನ ಚಿತ್ರ ತೋರಿಸಿತು. ಇಸ್ರೇಲೇ ಗೆಲ್ಲುವುದು ಖಾತ್ರಿಯಾದಾಗ ಪ್ರಸಾರ ನಿಲ್ಲಿಸಿ, ಗೆದ್ದದ್ದು ಬೆಲ್ಜಿಯಂ ಅಂತ ಹೇಳಿಬಿಟ್ಟಿತು.

2009ರ ಪ್ರಕರಣವಂತೂ ಕೇಳಿದವರು ಹುಬ್ಬೇರಿಸಬೇಕು. ಅಜೆರ್ಬೈಜಾನಿಗೂ ಆರ್ಮೇನಿಯಾಕ್ಕೂ ಗಡಿ ವೈರ. ಅಜೆರ್ಬೈಜಾನಿನಲ್ಲಿ ಕೂತು ಆರ್ಮೇನಿಯಾದ ಹಾಡಿಗೆ ಓಟು ಹಾಕಿದವನೊಬ್ಬನಿಗೆ ಭದ್ರತಾ ಇಲಾಖೆಯಿಂದ ಕರೆ ಬಂತು: ಯಾಕಪ್ಪಾ ಹಾಕಿದೆ? ಓಟು ಹಾಕಿದವನ ಹೆಸರು ಪೊಲೀಸರಿಗೆ ತಿಳಿದದ್ದಾದರೂ ಹೇಗೆ? ಒಕ್ಕೂಟ ಎಚ್ಚೆತ್ತು, ಓಟುದಾರನ ಗುಟ್ಟು ಹೊರಬಿದ್ದರೆ ಆ ದೇಶದ ಪ್ರಸಾರ ಸಂಸ್ಥೆಯೇ ಹೊಣೆ ಅಂತ ನಿಯಮ ಬಿಗಿಮಾಡಿತು. ಅಂಕ ಎಲ್ಲರೆದುರು ಎಣಿಸಬೇಕು, ಓಟು ಹಾಕಿದವನ ಹೆಸರು ಮಾತ್ರ ಯಾರಿಗೂ ತಿಳಿಯಕೂಡದು. ನಮ್ಮ ಪಂಚಾಯಿತಿ ಚುನಾವಣೆಗೂ ಇದೇ ಸೂತ್ರ ತಾನೆ?

ಗೆದ್ದವರಿಗೆ ಖರ್ಚು

ಗೆದ್ದ ದೇಶವೇ ಮರುವರ್ಷ ಸ್ಪರ್ಧೆ ನಡೆಸಿಕೊಡಬೇಕು ಎಂಬುದು ರೂಢಿ. ಐರ್ಲೆಂಡ್ 1992, 1993, 1994 ಮೂರು ವರ್ಷ ಸಾಲಾಗಿ ಗೆದ್ದು, 1996ರಲ್ಲಿ ಮತ್ತೆ ಗೆದ್ದಿತು. ಬಹುಮಾನ ಬಂದಷ್ಟೂ ಬೊಕ್ಕಸ ಖಾಲಿ ಅಂತ ಅಲ್ಲಿನವರೇ ಗೇಲಿ ಮಾಡಿಕೊಂಡರು.

ಮೊದಲ ಗೆಲುವಿನ ಮರುವರ್ಷದ ಸ್ಪರ್ಧೆ ರಾಜಧಾನಿ ಡಬ್ಲಿನ್ನಿನಲ್ಲಿ ನಡೆಯುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಕಾರ್ಕ್ ಜಿಲ್ಲೆಯ ಮಿಲ್‌ಸ್ಟ್ರೀಟ್ ಎಂಬ ಊರಿನ ನೋಯಲ್ ಡಗ್ಗನ್ ಎಂಬ ಉದ್ಯಮಿ ಮಾತ್ರ ಬೇರೆ ಯೋಚನೆ ಮಾಡಿದರು. ಗೆದ್ದ ರಾತ್ರಿಯೇ ಪ್ರಸಾರ ಸಂಸ್ಥೆಗೆ ಕಾಗದ ಬರೆದರು: ನನ್ನ ಕುದುರೆ ಪ್ರದರ್ಶನದ ಅಂಗಣ ಇದೆ, ಪುಕ್ಕಟೆ ಕೊಡ್ತೇನೆ, ಬನ್ನಿ. ಊರಿನ ಜನಸಂಖ್ಯೆ ಸುಮಾರು 1,500. ನಮ್ಮ ಒಂದು ಹೋಬಳಿ ಊರಿಗಿಂತ ಚಿಕ್ಕದು. ಕೇಳಿದವರು ನಕ್ಕರು. ದನದ ಕೊಟ್ಟಿಗೆಯಲ್ಲಿ ಸ್ಪರ್ಧೆಯಂತೆ ಅಂತ ಲಂಡನ್ನಿನ ಸುದ್ದಿವಾಚಕರೊಬ್ಬರು ಹಗುರವಾಗಿ ಆಡಿ ಆಮೇಲೆ ಕ್ಷಮೆ ಕೇಳಬೇಕಾಯಿತು.

ಪ್ರಸಾರ ಸಂಸ್ಥೆ ಒಪ್ಪಿತು. ಊರಿನ ಫೋನು, ರೈಲು ಸೌಕರ್ಯ ಇದಕ್ಕಾಗಿಯೇ ಹೆಚ್ಚಿದವು. 1993ರ ಮೇ 15ರಂದು 25 ದೇಶಗಳು ಆ ಪುಟ್ಟ ಊರಿಗೆ ಬಂದು ಹಾಡಿದವು. ಅಂಕದ ಹೊತ್ತಿಗೆ ಮಾಲ್ಟಾಕ್ಕೆ ಫೋನು ಸಿಗಲಿಲ್ಲ. ಅದನ್ನು ಕೊನೆಗೆ ಇಟ್ಟರು. ಐರ್ಲೆಂಡಿಗೂ ಬ್ರಿಟನ್ನಿಗೂ ತೀರ್ಮಾನ ಆ ಕೊನೆಯ ಫೋನಿನ ಮೇಲೆ ನಿಂತಿತು. ಮಾಲ್ಟಾ ಹನ್ನೆರಡನ್ನು ಐರ್ಲೆಂಡಿಗೆ ಕೊಟ್ಟಿತು. ಆತಿಥೇಯರೇ ಗೆದ್ದರು. ಅಂದು ಮೋಸ ಅಂತ ದೊಡ್ಡ ದನಿ ಏಳಲಿಲ್ಲ. ಕೊನೆಯ ಅಂಕದವರೆಗೆ ಎಲ್ಲವೂ ಎಲ್ಲರ ಕಣ್ಣೆದುರು ನಡೆದಿತ್ತಲ್ಲ!

ಪಂಚರೋ, ಪ್ರಜೆಗಳೋ?

ಬರೀ ಜನರ ಓಟಾದರೆ ನೆರೆಹೊರೆಯ ಕಾಟ. ಬರೀ ಪಂಚರಾದರೆ ವಶೀಲಿಯ ಕಾಟ. ಹಾಗಂತ 2009ರ ಅಂತಿಮ ಸುತ್ತಿನಿಂದ ಅರ್ಧ ಅವರಿಗೆ, ಅರ್ಧ ಇವರಿಗೆ ಅಂತ ಹಂಚಿದರು. 2016ರಲ್ಲಿ ಎರಡನ್ನೂ ಬೇರೆಬೇರೆಯಾಗಿ ತೋರಿಸತೊಡಗಿದರು. ಆ ವರ್ಷವೇ ಸ್ವಾರಸ್ಯ: ಪಂಚರ ಮೊದಲ ಆಯ್ಕೆ ಆಸ್ಟ್ರೇಲಿಯಾ, ಜನರ ಮೊದಲ ಆಯ್ಕೆ ರಷ್ಯಾ, ಎರಡರಲ್ಲೂ ಎರಡನೆಯದಾಗಿದ್ದ ಉಕ್ರೇನ್ 534 ಅಂಕದೊಂದಿಗೆ ಗೆದ್ದಿತು!

2022ರಲ್ಲಿ ಯುದ್ಧದ ಬೆಂಕಿಯಲ್ಲಿದ್ದ ಉಕ್ರೇನಿಗೆ ಜನ 439 ಅಂಕ ಸುರಿದರು. ಅದೇ ವರ್ಷ ಆರು ದೇಶಗಳ ಪಂಚರ ಅಂಕಗಳಲ್ಲಿ ಅಸಹಜ ಹೊಂದಾಣಿಕೆ ಕಂಡು ಒಕ್ಕೂಟ ಆ ಅಂಕಗಳನ್ನೇ ಬದಿಗೆ ತಳ್ಳಿತು. ಬಲ್ಲವರೂ ಭಾನಗಡಿಗೆ ಹೊರತಲ್ಲ! 2023ರಲ್ಲಿ ಜನರ ಮೆಚ್ಚುಗೆ ಫಿನ್ಲೆಂಡಿಗೆ, ಪಂಚರ ಕೃಪೆಯಿಂದ ಕಪ್ಪು ಸ್ವೀಡನ್ನಿಗೆ. “ಹಾಗಾದರೆ ನಮ್ಮ ಕಾಸು ಯಾಕೆ ತಗೊಂಡ್ರಿ?” ಅಂತ ಫೋನಿಗೆ ದುಡ್ಡು ಕೊಟ್ಟು ಓಟು ಹಾಕಿದವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

2025ರಲ್ಲಿ ಬಾಸೆಲ್ ನಗರದಲ್ಲಿ ಆಸ್ಟ್ರಿಯಾ 436 ಅಂಕದಿಂದ ಗೆದ್ದಿತು. ಎರಡನೆಯದು ಇಸ್ರೇಲ್: ಪಂಚರಿಂದ 60, ಜನರಿಂದ 297. ಒಬ್ಬರು ಇಪ್ಪತ್ತು ಸಲ ಓಟು ಹಾಕಬಹುದಾದಾಗ ಇದು ಜನಾಭಿಪ್ರಾಯವೋ, ಪ್ರಚಾರದ ಫಲವೋ ಅಂತ ಸ್ಪೇನ್ ಮೊದಲಾದ ದೇಶಗಳು ಲೆಕ್ಕ ತಪಾಸಣೆ ಕೇಳಿದವು. ಎಲ್ಲ ಸರಿಯಾಗಿಯೇ ಇದೆ ಅಂತ ಒಕ್ಕೂಟ. ಆದರೂ ಅದೇ ನವೆಂಬರಿನಲ್ಲಿ ಇಪ್ಪತ್ತನ್ನು ಹತ್ತಕ್ಕೆ ಇಳಿಸಿತು, ಉಪಾಂತ್ಯ ಸುತ್ತಿಗೂ ಪಂಚರನ್ನು ಮತ್ತೆ ಕರೆತಂದಿತು, ಸರ್ಕಾರಗಳ ಪ್ರಚಾರಕ್ಕೆ ಕಡಿವಾಣ ಹಾಕಿತು. ಗಾಜಾ ಯುದ್ಧದ ಹಿನ್ನೆಲೆಯಲ್ಲಿ ಇಸ್ರೇಲ್ ಇರಬೇಕೋ ಬೇಡವೋ ಎಂಬ ವಾದ ಬೇರೆ. ಇರಲಿ ಎಂದಾದಾಗ ಸ್ಪೇನ್, ಐರ್ಲೆಂಡ್, ಹಾಲೆಂಡ್, ಸ್ಲೊವೇನಿಯಾ, ಐಸ್‌ಲೆಂಡ್ ಐದೂ ದೇಶ 2026ರ ವಿಯೆನ್ನಾ ಸ್ಪರ್ಧೆಯಿಂದ ಹಿಂದೆ ಸರಿದವು. ಏಳು ಸಲ ಗೆದ್ದ ಐರ್ಲೆಂಡೇ ಇಲ್ಲದ ಸ್ಪರ್ಧೆ!

ಎಪ್ಪತ್ತು ವರ್ಷದಲ್ಲಿ ನಿಯಮ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಪಂಚರನ್ನು ತೆಗೆದರು, ತಂದರು, ಜನರನ್ನು ಕರೆದರು, ಕೈ ಹಿಡಿದರು. ಒಂದು ಮಾತ್ರ ಹಿಂದಕ್ಕೆ ಹೋಗಲಿಲ್ಲ. ಲುಗಾನೋದ ಹಾಗೆ ಚೀಟಿ ಮುಚ್ಚಿಟ್ಟು ಗೆದ್ದವರ ಹೆಸರಷ್ಟೇ ಕೂಗುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಸೋತವನು ಸೋಲನ್ನು ಒಪ್ಪಬೇಕಾದರೆ ಲೆಕ್ಕ ಅವನ ಕಣ್ಣಿಗೂ ಕಾಣಬೇಕು. ತಕ್ಕಡಿ ಗಿರಾಕಿಯ ಕಡೆ ತಿರುಗಿರಬೇಕು ಅನ್ನೋದು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಹಾಡಿಗೇನೋ ಮೂರು ನಿಮಿಷದ ಮಿತಿ ಹಾಕಿದ್ದಾರೆ. ಜಗಳಕ್ಕೆ ಮಿತಿ ಹಾಕುವ ನಿಯಮವನ್ನು ಜಿನೀವಾದವರು ಇನ್ನೂ ಕಂಡುಹಿಡಿದಿಲ್ಲ.