ನಕ್ಷತ್ರಗಳನ್ನು ವಿಂಗಡಿಸಿದ ಪಾದ್ರಿ

ರೋಮ್ ನಗರದ ಸಂತ ಇಗ್ನೇಷಿಯಸ್ ಚರ್ಚಿಗೆ ಗುಮ್ಮಟವೇ ಇಲ್ಲ. ಒಳಗೆ ನಿಂತು ತಲೆಯೆತ್ತಿದರೆ ಕಾಣುವುದು ಗುಮ್ಮಟದ ಭ್ರಮೆ ಹುಟ್ಟಿಸುವ ಒಂದು ದೊಡ್ಡ ಚಿತ್ರ. ನಿಜವಾದ ಗುಮ್ಮಟದ ಭಾರ ಹೊರಲೆಂದು ಕಟ್ಟಿದ್ದ ದಪ್ಪ ಕಂಬಗಳು ಮಾತ್ರ ವ್ಯರ್ಥವಾಗಲಿಲ್ಲ. 1850ರ ದಶಕದ ಆರಂಭದಲ್ಲಿ ಆಂಜೆಲೊ ಸೆಕ್ಕಿ ಅವುಗಳ ಮೇಲೆ ವೀಕ್ಷಣಾಲಯ ಕಟ್ಟಿದರು. ಒಂದಿಷ್ಟೂ ಅಲುಗಬಾರದ ದೂರದರ್ಶಕಕ್ಕೆ ಅದಕ್ಕಿಂತ ಗಟ್ಟಿ ನೆಲೆ ಎಲ್ಲಿ ಸಿಗಬೇಕು?

1818ರಲ್ಲಿ ರೆಜ್ಜೊ ಎಮಿಲಿಯಾದಲ್ಲಿ ಹುಟ್ಟಿದ ಸೆಕ್ಕಿ ಜೆಸ್ಯೂಟ್ ಪಾದ್ರಿ. 1848ರ ಕ್ರಾಂತಿಯಲ್ಲಿ ರೋಮ್ ಬಿಟ್ಟು ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕದ ಜಾರ್ಜ್‌ಟೌನಿಗೆ ಹೋದರು. ಮರುವರ್ಷ ಮರಳಿ ಬಂದು ರೋಮನ್ ಕಾಲೇಜಿನ ವೀಕ್ಷಣಾಲಯದ ಹೊಣೆ ಹೊತ್ತರು.

ನಕ್ಷತ್ರ ಎಲ್ಲಿದೆ ಎಂದು ಅಳೆಯುವುದೇ ಅಂದಿನ ಖಗೋಳ ವಿಜ್ಞಾನಿಗಳ ಮುಖ್ಯ ಕೆಲಸ. ಅದು ಎಂಥದ್ದು ಎಂದು ಕೇಳಿದ ಮೊದಲಿಗರ ಸಾಲಿನಲ್ಲಿ ಸೆಕ್ಕಿ ಇದ್ದಾರೆ. ದೂರದರ್ಶಕಕ್ಕೆ ಪ್ರಿಸಂ ಜೋಡಿಸಿ ನಕ್ಷತ್ರದ ಬೆಳಕನ್ನು ಬಣ್ಣದ ಪಟ್ಟಿಯಾಗಿ ಹರಡಿದರೆ, ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಬಿಳುಪಾದ ಲುಬ್ಧಕ, ಅಭಿಜಿತ್‌ಗಳಲ್ಲಿ ಜಲಜನಕದ ಕೆಲವೇ ಗಾಢ ಗೆರೆಗಳು. ಹಳದಿ ಬಣ್ಣದ ಬ್ರಹ್ಮಹೃದಯದಲ್ಲಿ, ನಮ್ಮ ಸೂರ್ಯನಲ್ಲಿರುವಂತೆಯೇ, ಒತ್ತೊತ್ತಾದ ಸಣ್ಣ ಗೆರೆಗಳು. ಕೆಂಪು ಆರ್ದ್ರಾ ನಕ್ಷತ್ರದಲ್ಲಿ ಅಗಲವಾದ ಪಟ್ಟೆಗಳು. ಕ್ಯಾಮೆರಾದ ನೆರವಿಲ್ಲದೆ, ಕಣ್ಣಿಂದಲೇ ನೋಡಿ, ಸುಮಾರು 4,000 ನಕ್ಷತ್ರಗಳನ್ನು ಅವರು ಹೀಗೆ ವರ್ಗಕ್ಕೆ ಸೇರಿಸಿದರು. ಕಡುಗೆಂಪಾಗಿ ಮಂಕಾಗಿ ಹೊಳೆಯುವ ಇಂಗಾಲದ ನಕ್ಷತ್ರಗಳಿಗೆ ಬೇರೆಯೇ ವರ್ಗ ಬೇಕೆಂದು ಗುರುತಿಸಿದವರೂ ಅವರೇ. ಎಂಥ ತಾಳ್ಮೆ!

1860ರಲ್ಲಿ ಸ್ಪೇನಿನಲ್ಲಿ ಪೂರ್ಣ ಸೂರ್ಯಗ್ರಹಣದ ಫೋಟೊ ತೆಗೆಸಿದರು. ಗ್ರಹಣದ ವೇಳೆ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಚಂದ್ರನವಲ್ಲ, ಸೂರ್ಯನವೇ ಎಂಬುದು ಆ ಗ್ರಹಣದ ಫೋಟೊಗಳಿಂದ ಖಚಿತವಾಯಿತು. 1865ರಲ್ಲಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡಿ ನೀರಿನ ತಿಳಿಯನ್ನು ಅಳೆದರು. ನಮ್ಮ ಕೆರೆಗಳ ನೀರು ಪರೀಕ್ಷಿಸುವವರೂ ಇಂದಿಗೂ ಬಳಸುವ ‘ಸೆಕ್ಕಿ ಡಿಸ್ಕ್’ ಇದೇ.

1870ರಲ್ಲಿ ರೋಮ್ ಪೋಪರ ಕೈತಪ್ಪಿತು. ಹೊಸ ಸರ್ಕಾರ 1873ರಲ್ಲಿ ಕಾಲೇಜನ್ನು ವಶಪಡಿಸಿಕೊಂಡಿತು. ಪೋಪರ ಪಕ್ಷ ಬಿಡದಿದ್ದರೂ, 1878ರಲ್ಲಿ ತೀರಿಕೊಳ್ಳುವವರೆಗೆ ಸೆಕ್ಕಿಯನ್ನು ದೂರದರ್ಶಕದಿಂದ ಯಾರೂ ಎಬ್ಬಿಸಲಿಲ್ಲ. ವಿದ್ವತ್ತಿಗೆ ಸಂದ ದೊಡ್ಡ ಗೌರವ ಅದು.

ಅವರ ವರ್ಗೀಕರಣದ ಜಾಗವನ್ನು ಮುಂದೆ ಹಾರ್ವರ್ಡ್ ಪದ್ಧತಿ ತುಂಬಿತು. ಆದರೆ ಅವರು ಕಂಡ ಭೇದ ಬರಿಗಣ್ಣಿಗೂ ಸಿಗುತ್ತದೆ. ಜನವರಿಯ ರಾತ್ರಿ ಒಂಬತ್ತರ ಹೊತ್ತಿಗೆ ಮಕ್ಕಳನ್ನು ತಾರಸಿಗೆ ಕರೆದೊಯ್ದು ಆರ್ದ್ರಾ, ಲುಬ್ಧಕ ಎರಡನ್ನೂ ತೋರಿಸಿ. ಬಣ್ಣ ಬೇರೆಯೇಕೆ ಎಂದು ಅವರೇ ಕೇಳಲಿ.